ದೋಣಿ ಪಿಚ್ಚರ್

"ಇಳಿಸ್ರಪ್ಪ, ಇಲ್ಲೇ ಇಳಿಸ್ರಿ," ಎಂದು ಪ್ರವೀಣ್ ಬೆಂಕಿಮಡಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ಹೇಳಿದ. ಫೋನು ಅವನ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಚಟ್ಟ ಹೊತ್ತಿದ್ದ ನಾಲ್ವರು ಕೈಮರದ ಬಳಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತೂಗಾಡಿ, ಕೊನೆಗೆ ಮುಚ್ಚಿದ ವಿಡಿಯೋ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಇಳಿಸಿದರು. ತಮಟೆ ನಿಂತಿತು.

"ಏನಂತೆ?" ಎಂದ ಗಿಡ್ಡಯ್ಯ, ಹೆಗಲು ನೀವಿಕೊಳ್ಳುತ್ತ.

"ಆನೆ. ಹಳ್ಳದ ಗದ್ದೆಗೆ ಇಳಿದವಂತೆ. ಗುಂಪಲ್ಲಿ ಮರಿ ಬೇರೆ ಅವೆ. ಸೌದೆ ಜೋಡಿಸ್ತಿದ್ದೋರು ಮರ ಹತ್ತಿ ಕೂತವ್ರೆ. ಫಾರೆಸ್ಟ್‌ನೋರು ನಾವು ಹೇಳೋಗಂಟ ಯಾರೂ ಸುಡುಗಾಡಿನ ಕಡೆ ಬರ್ಬೇಡಿ ಅಂತಾವ್ರೆ."

"ಹಂಗಾರೆ ಮನೆಗೆ ವಾಪಸ್ ತಗಂಡು ಹೋಗಾನ," ಎಂದ ಹಿಂದಿನಿಂದ ಯಾರೋ.

"ಎತ್ತಿದ ಹೆಣ ತಿರುಗಿ ಮನೆ ಕಡೆ ಮುಖ ಮಾಡಬಾರ್ದು ಕಣ್ರೋ," ಎಂದಳು ಸುಲೋಚನಮ್ಮ. ಸತ್ತ ಧರ್ಮನ ಅಕ್ಕ ಅವಳು. "ಇಲ್ಲೇ ಇರ್ಲಿ. ಅವನ ಅಂಗ್ಡಿ ಮುಂದೇನೇ ಐತಲ್ಲ."

ಅಲ್ಲಿಗೆ ಮಾತು ಮುಗಿಯಿತು. ಹೊತ್ತು ಮಾತ್ರ ಮುಗಿಯುವಂತೆ ಕಾಣಲಿಲ್ಲ. ಕಾಫಿ ಕುಯ್ಲಿನ ದಿನಗಳು. ಬಂದವರಲ್ಲಿ ಅರ್ಧದಷ್ಟು ಜನ ಆಳುಗಳನ್ನು ತೋಟದಲ್ಲಿ ಬಿಟ್ಟು ಬಂದಿದ್ದರು. ಅವರು ಫೋನು ನೋಡಿದರು, ರಸ್ತೆಯ ತುದಿ ನೋಡಿದರು, ಮತ್ತೆ ಫೋನು ನೋಡಿದರು. ಒಬ್ಬೊಬ್ಬರೇ ಬೈಕ್ ಹತ್ತಿ, "ಈಗ್ಬಂದೆ" ಎಂದು ಹೇಳಿ ಹೋದರು. ಬೆಂಕಿಮಡಕೆಯ ಕೆಂಡ ಆರದಂತೆ ಪ್ರವೀಣ್ ಆಗಾಗ ತೆಂಗಿನ ನಾರು ತುರುಕುತ್ತಿದ್ದ. ಧರ್ಮನಿಗೆ ಗಂಡುಮಕ್ಕಳಿರಲಿಲ್ಲ. ಅಣ್ಣನ ಮಗನಾದ ಪ್ರವೀಣನೇ ಕೊಳ್ಳಿ ಇಡಬೇಕಾಗಿತ್ತು.

ಎಲ್ಲರಿಗಿಂತ ಹೆಚ್ಚು ಚಡಪಡಿಸುತ್ತಿದ್ದವಳು ಧರ್ಮನ ಹೆಂಡತಿ ಲಕ್ಷ್ಮಿ. ಹೆಂಗಸರು ಬರುವುದು ಕೈಮರದವರೆಗೆ ಮಾತ್ರ. ಇಲ್ಲಿಂದ ತಿರುಗಿ ಹೋಗಿ ಮೀಯಬೇಕು. ಆದರೆ ಹೆಣ ಇಲ್ಲೇ ಇರುವಾಗ ಹೋಗುವುದು ಹೇಗೆ? ಅವಳು ಜಾರಿದ ಹೂವನ್ನು ಸರಿಮಾಡಿದಳು. ನಾಯಿ ಅಟ್ಟಿದಳು. ಗಂಡನ ಮುಖಕ್ಕೆ ಬಿಸಿಲು ಬೀಳುತ್ತಿದೆಯೆಂದು ತನ್ನ ಸೆರಗನ್ನೇ ಮರೆಮಾಡಿ ಹಿಡಿದಳು. ಕೈ ಸೋತಾಗ ಬಿಟ್ಟಳು, ಮತ್ತೆ ಹಿಡಿದಳು. ನಿನ್ನೆ ಬೆಳಿಗ್ಗೆ ಕಣದಲ್ಲಿ ಕಾಫಿ ಹರಡುತ್ತಿದ್ದ ಮನುಷ್ಯ "ಲಕ್ಷ್ಮಿ, ಒಂಚೂರು ನೀರು" ಎಂದಿದ್ದ. ಅವಳು ಚೊಂಬು ತರುವಷ್ಟರಲ್ಲಿ ಕಾಫಿಯ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಅರವತ್ತು ಇನ್ನೂ ತುಂಬಿರಲಿಲ್ಲ.

"ಒಂದ್ಕಡೆ ಕೂತ್ಕೊಳ್ಳವ್ವ," ಎಂದಳು ಮಗಳು ಸೌಜನ್ಯ. ಸಕಲೇಶಪುರ ಡಿಪೋದಲ್ಲಿ ಕಂಡಕ್ಟರ್ ಅವಳು. ಮೆಲ್ಲಗೆ ಹೇಳಿದರೂ ನಾಲ್ಕು ಜನಕ್ಕೆ ಕೇಳುವ ಗಂಟಲು.

"ಕೂರ್ತೀನಿ, ಕೂರ್ತೀನಿ," ಎಂದು ಲಕ್ಷ್ಮಿ ಊದುಬತ್ತಿ ಹುಡುಕಲು ಹೋದಳು.

ಆಲೂರಿನ ಬಸ್ಸು ಬಂದು ನಿಂತದ್ದು ಆಗಲೇ. ಅದರಿಂದ ನಲವತ್ತು ದಾಟಿದ ಒಬ್ಬ ಮನುಷ್ಯ ಇಳಿದ. ಬೆನ್ನಿಗೆ ಚೀಲ, ಕೈಯಲ್ಲಿ ಮೈಸೂರಿನ ಸಿಹಿತಿಂಡಿ ಅಂಗಡಿಯ ಡಬ್ಬಿ. ಬಸ್ಸು ಹೋದ ಮೇಲೆ ಅವನಿಗೆ ಜನ ಕಂಡರು, ತಮಟೆ ಕಂಡಿತು. ಆದರೂ ಹತ್ತಿರ ಬಂದು ಗಿಡ್ಡಯ್ಯನನ್ನು ಕೇಳಿದ: "ಇಲ್ಲಿ ಧರ್ಮ ಅಂತ, ಮೊದಲು ವಿಡಿಯೋ ಅಂಗಡಿ ಇಟ್ಟಿದ್ರಲ್ಲ, ಅವರ ಮನೆ ಯಾವ ಕಡೆ?"

ಗಿಡ್ಡಯ್ಯ ಗಲ್ಲದಿಂದಲೇ ತೋರಿಸಿದ. "ಅಗೋ, ಅಲ್ಲಿ ಮಲಗವ್ರೆ."

ಬಂದವನು ಸಿಹಿಯ ಡಬ್ಬಿಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಾಗೇ ನಿಂತಿದ್ದ.

*

ಊರಿಗೆ ಡಿಶ್ ಬರುವ ಮೊದಲು, ಕೆ. ಹೊಸಕೋಟೆಯ ರಸ್ತೆ ಕೂಡುವ ಈ ಕೈಮರದಲ್ಲಿ ಧರ್ಮ ವಿಡಿಯೋ ಅಂಗಡಿ ತೆರೆದಿದ್ದ. ವಾರದ ದಿನಗಳಲ್ಲಿ ಕ್ಯಾಸೆಟ್ ಬಾಡಿಗೆ. ಭಾನುವಾರ ಗಿಡ್ಡಯ್ಯನ ಜೀಪಿನಲ್ಲಿ ಟಿವಿ, ವಿಸಿಆರ್ ಹೇರಿಕೊಂಡು ಎಸ್ಟೇಟಿನ ಆಳುಗಳಿರುವ ಲೈನುಮನೆಗಳಿಗೆ ಹೋಗಿ, ಕಿಟಕಿಗೆ ಕಂಬಳಿ ಕಟ್ಟಿ ಸಿನಿಮಾ ತೋರಿಸುವುದು. ಮಾತು ಕಡಿಮೆ. ಯಾರಾದರೂ ತಮಾಷೆ ಹೇಳಿದರೆ ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಇವನೊಬ್ಬ ನಗುತ್ತಿದ್ದ. ಅಂಗಿಯ ಜೇಬಿನಲ್ಲಿ ಟೆಸ್ಟರ್ ಇಲ್ಲದೆ ಅವನನ್ನು ಕಂಡವರಿಲ್ಲ. ಮಿಕ್ಸಿ ಕೆಟ್ಟರೂ ಕರೆಯುತ್ತಿದ್ದರು, ಪಂಪು ಕೆಟ್ಟರೂ ಕರೆಯುತ್ತಿದ್ದರು.

ಹತ್ತಿರದ ಎಸ್ಟೇಟಿನ ಮ್ಯಾನೇಜರೊಬ್ಬರು ಕೆಲಸ ಬಿಟ್ಟು ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ ಕೊಟ್ಟರು. ಎಲ್ಲ ಹೊರದೇಶದವು. "ಇವನ್ನ ಇಲ್ಲಿ ಯಾರೂ ನೋಡಲ್ಲ ಧರ್ಮ. ಮೇಲೆ ಬೇರೆ ಏನಾದ್ರೂ ತುಂಬಿಸ್ಕೋ," ಎಂದರು. ಧರ್ಮ ಹಾಗೆಯೇ ಮಾಡಿದ. ಒಂದರ ಮೇಲೆ ಊರಿನ ನಾಟಕ ಬಂತು, ಒಂದರ ಮೇಲೆ ಗೃಹಪ್ರವೇಶ, ಮಿಕ್ಕವುಗಳ ಮೇಲೆ ಕನ್ನಡ ಸಿನಿಮಾ. ಕೊನೆಗೆ ಒಂದು ಉಳಿಯಿತು.

ಆ ಹೊತ್ತಿಗೆ ಅವನ ಮದುವೆಯಾಯಿತು. ಹುಡುಗಿ ವನಗೂರು ಕಡೆಯವಳು. ಮದುವೆಯನ್ನು ವಿಡಿಯೋ ಮಾಡಿದ ಆಲೂರಿನ ಕ್ಯಾಮೆರಾದವನು, "ನನ್ ಕ್ಯಾಸೆಟ್ ಮುಂದಿನ ಮದ್ವೆಗೆ ಬೇಕು. ಖಾಲಿದೊಂದು ತಂದ್ಕೊಟ್ರೆ ಇಳಿಸ್ಕೊಡ್ತೀನಿ," ಎಂದ. ಧರ್ಮ ಉಳಿದಿದ್ದ ಒಂದನ್ನು ತೆಗೆದ. ಕಂಪನಿಯಿಂದ ತುಂಬಿಸಿ ಬಂದ ಕ್ಯಾಸೆಟ್ಟಿನ ಅಂಚಿನಲ್ಲಿ ಒಂದು ಕಿಂಡಿ ಇರುತ್ತದೆ, ಅದಕ್ಕೆ ಅಂಟುಪಟ್ಟಿ ಹಚ್ಚಿದರೆ ಮಾತ್ರ ಮೇಲೆ ಬೇರೆಯದನ್ನು ತುಂಬಿಸಬಹುದು. ಪಟ್ಟಿ ಹಚ್ಚಿದ. ಕೊಡುವ ಮೊದಲು ಒಳಗೇನಿದೆ ನೋಡೋಣವೆಂದು ಯಂತ್ರಕ್ಕೆ ಹಾಕಿದ.

ಮಂಜು. ಬಿಳುಪು, ಕಪ್ಪು, ಬೇರೆ ಬಣ್ಣವಿಲ್ಲ. ಮಂಜಿನೊಳಗೆ ಎಲ್ಲೋ ಗಂಟೆಯೊಂದು ಮೊಳಗುತ್ತಿತ್ತು. ಆಮೇಲೆ ಅಗಲವಾದ ನದಿ, ಈ ದಡದಿಂದ ಆ ದಡಕ್ಕೆ ಕಟ್ಟಿದ ಹಗ್ಗ, ಹಗ್ಗವನ್ನು ಎಳೆಯುತ್ತ ಚಪ್ಪಟೆ ದೋಣಿಯನ್ನು ದಾಟಿಸುವ ಒಬ್ಬ ಹೆಂಗಸು. ಗಂಟೆ ಬಾರಿಸಿದವರನ್ನು ಕರೆತರಬೇಕು, ಈ ಕಡೆಯವರನ್ನು ಬಿಟ್ಟು ಬರಬೇಕು. ಯಾರೂ ಹೆಚ್ಚು ಮಾತಾಡುವುದಿಲ್ಲ. ಹಗ್ಗದಿಂದ ನೀರು ತೊಟ್ಟಿಕ್ಕುವ ಸದ್ದು, ಗಾಲಿಯ ಕಿರುಗುಟ್ಟು. ಒಬ್ಬ ಗಂಡಸು ದಡಕ್ಕೆ ಬಂದು ನಿಲ್ಲುತ್ತಾನೆ, ದೋಣಿ ಹತ್ತದೆ ಹಿಂದಿರುಗುತ್ತಾನೆ. ಮರುದಿನ ಮತ್ತೆ ಬರುತ್ತಾನೆ.

ಧರ್ಮ ಪೂರ್ತಿ ನೋಡಿದ. ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತು ಹೋದರು. ಮುಗಿದ ಮೇಲೆ ಕ್ಯಾಸೆಟ್ ಹೊರತೆಗೆದು, ಉಗುರಿನಿಂದ ಎಬ್ಬಿಸಿ ಎಬ್ಬಿಸಿ ಆ ಅಂಟುಪಟ್ಟಿಯನ್ನು ಕಿತ್ತುಹಾಕಿದ.

"ಮುಂದಿನ ವಾರ ಹೊಸಾದು ತರ್ತೀನಿ," ಎಂದು ಕ್ಯಾಮೆರಾದವನಿಗೆ ಹೇಳಿ ಕಳಿಸಿದ. ಮುಂದಿನ ವಾರ ಅವನು ಹೋಗುವಷ್ಟರಲ್ಲಿ ಅವರ ಮದುವೆಯ ಮೇಲೆ ಬೇರೆ ಯಾರದೋ ಮದುವೆ ಬಂದು ಕೂತಿತ್ತು.

ಲಕ್ಷ್ಮಿಗೆ ಇದು ಗೊತ್ತಾದದ್ದು ಗಿಡ್ಡಯ್ಯನ ಬಾಯಿಂದ. ಅವಳು ಕೂಗಾಡಲಿಲ್ಲ. "ನನ್ನ ಮದ್ವೆ ಅಳಿಸಿ ಆಯಮ್ಮನ್ನ ಉಳಿಸ್ಕಂಡ್ರಿ," ಎಂದಳು, ಅಷ್ಟೆ. ಅಂದಿನಿಂದ ಅಂಗಡಿಯ ಹೊಸ್ತಿಲು ದಾಟಲಿಲ್ಲ. ಆ ಕ್ಯಾಸೆಟ್ಟನ್ನು ಮನೆಯೊಳಗೆ ಬಿಟ್ಟುಕೊಳ್ಳಲೂ ಇಲ್ಲ.

*

"ನೀವು ಮೈಸೂರಿನ ಪ್ರದೀಪ್ ಸಾರ್ ಅಲ್ವಾ?" ಎಂದಳು ಸೌಜನ್ಯ ಹತ್ತಿರ ಬಂದು. "ಇವತ್ತು ಬರ್ತೀರಿ ಅಂತ ಅಪ್ಪ ಹೇಳಿದ್ರು. ನಿಮ್ಗೆ ಫೋನ್ ಮಾಡೋಕೂ ಹೊಳೀಲಿಲ್ಲ ನಂಗೆ."

"ಛೇ, ಅದೆಲ್ಲ ಯಾಕೆ. ನಾನು..." ಪ್ರದೀಪ್ ಮೈಸೂರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಜಗತ್ತು ಮರೆತ ಸಿನಿಮಾಗಳ ಕ್ಯಾಸೆಟ್ಟು, ಡಿಸ್ಕುಗಳನ್ನು ಒಟ್ಟುಮಾಡಿ ಇಟ್ಟಿದ್ದ. "ನಾನು ಮುಂದಿನ ಬಸ್ಸಿಗೆ ಹೋಗ್ತೀನಿ. ಮಣ್ಣು ಮುಗಿಸ್ಕೊಂಡೇ ಹೋಗ್ತೀನಿ, ಅಂದ್ರೆ... ಕ್ಯಾಸೆಟ್ ವಿಷಯ ಈಗ ಬೇಡ. ಅದನ್ನ ಜೋಪಾನವಾಗಿ ಇಟ್ಟಿರಿ, ಅಷ್ಟು ಸಾಕು."

ಸೌಜನ್ಯ ತಂದೆಯ ಕಡೆ ನೋಡಿದಳು. "ಅದು ಅಪ್ಪನ ತಲೆ ಕೆಳಗೈತೆ ಸಾರ್."

ಅವನಿಗೆ ಅರ್ಥವಾಗಲಿಲ್ಲ.

"ಅವ್ವ ಅಂಗ್ಡಿಯಿಂದ ತರಿಸಿ ಇಟ್ಟವ್ರೆ. ಅವರದ್ದು ಅವರ ಜೊತೇಲೇ ಹೋಗ್ಲಿ ಅಂತ. ಎಲೆಅಡಿಕೆ ಹಾಕೋರಿಗೆ ಸಂಚಿ ಇಡ್ತಾರಲ್ಲ, ಹಂಗೆ."

ಪ್ರದೀಪ್ ಕಟ್ಟೆಯ ಕಡೆ ನೋಡಿದ, ಬೇಗ ಕಣ್ಣು ತೆಗೆದ. ಸ್ವಲ್ಪ ದೂರ ನಡೆದು ಹೋದ. ವಾಪಸ್ಸು ಬಂದ. ಆ ಸಿನಿಮಾ ಮಾಡಿದ ನಿರ್ದೇಶಕ ಬೇರೆ ಚಿತ್ರ ಮಾಡಿರಲಿಲ್ಲ. ದೇಶವೂ ಸಣ್ಣದು. ಈಚೆಗೆ ಅದು ಡಿಸ್ಕಿನಲ್ಲಿ ಬಂದಿತ್ತು, ಆದರೆ ಯಾರೋ ಕತ್ತರಿಸಿದ ಪ್ರತಿಯಿಂದ. ಕೊನೆಯ ಚಳಿಗಾಲದ ಭಾಗ ಅದರಲ್ಲಿಲ್ಲ. ಹಿಂದೆ ಒಂದು ಸಣ್ಣ ಕಂಪನಿ ತಂದಿದ್ದ ಕ್ಯಾಸೆಟ್ಟಿನಲ್ಲಿ ಮಾತ್ರ ಅದಿತ್ತೆಂದು ಹಳೆಯ ಪತ್ರಿಕೆಗಳು ಹೇಳುತ್ತಿದ್ದವು. ಕಂಪನಿ ಮುಳುಗಿತು. ಆ ಕ್ಯಾಸೆಟ್ಟುಗಳಲ್ಲಿ ಸಿಕ್ಕ ಒಂದೆರಡೂ ಬೂಸಲು ಹಿಡಿದು ಓಡದಂತಾಗಿದ್ದವು. ಎಲ್ಲೆಲ್ಲಿಯವರೋ ಅದನ್ನು ಹುಡುಕುತ್ತಿದ್ದರು. ಈಗ ಅದು ಚೆಂಡುಹೂವಿನ ಕೆಳಗೆ, ಬೆಂಕಿಗೆ ಕಾದು ಕೂತಿತ್ತು.

ಇದನ್ನೆಲ್ಲ ಅವನು ಸೌಜನ್ಯಳಿಗೆ ತಡೆತಡೆದು ಹೇಳಿದ. ಸುತ್ತ ನಿಂತವರೂ ಕೇಳಿಸಿಕೊಂಡರು. ಬೇಸರ ಕಳೆಯಲು ಅವರಿಗೆ ಬೇರೆ ಕೆಲಸವಿರಲಿಲ್ಲ.

"ಅಷ್ಟು ಬೇಕಾದ್ದಾದ್ರೆ ಮೊದ್ಲೇ ಬಂದು ತಗಂಡು ಹೋಗ್ಬೇಕಿತ್ತು ಸಾರ್ ನೀವು," ಎಂದ ಪ್ರವೀಣ್.

"ಅವರು ಕೊಡ್ತೀನಿ ಅಂದಿರ್ಲಿಲ್ಲ. ತೋರಿಸ್ತೀನಿ ಬನ್ನಿ ಅಂದಿದ್ರು."

"ಹಂಗಾರೆ ತೋರಿಸ್ಬೇಕು," ಎಂದಳು ಸೌಜನ್ಯ. "ಮೆಶಿನ್ ಇಲ್ಲೇ ಅಂಗ್ಡೀಲಿ ಐತೆ. ಆನೆ ಹೋಗೋಗಂಟ ನಾವೂ ಇಲ್ಲೇ ಇರೋದು. ಅಪ್ಪ ಮಾತು ಕೊಟ್ಟಿದ್ರು."

"ಹೆಣದ ಮೇಲಿಂದ ತೆಗೀತಾರೇನೆ ಯಾರಾದ್ರೂ?" ಎಂದಳು ಸುಲೋಚನಮ್ಮ. "ಅವನಿಗೆ ಅಂತ ಇಟ್ಟಾಯ್ತಲ್ಲ."

ಮಾತು ಏರಿತು. ಒಬ್ಬರು ಬೇಡವೆಂದರು. ಇನ್ನೊಬ್ಬರು ಇಟ್ಟವರೇ ತೆಗೆದರೆ ದೋಷವಿಲ್ಲವೆಂದರು. ಕಡೆಗೆ ಎಲ್ಲರೂ ಲಕ್ಷ್ಮಿಯ ಕಡೆ ತಿರುಗಿದರು. ಅವಳು ಉರಿದು ಮುಗಿದ ಊದುಬತ್ತಿಗಳ ಕಡ್ಡಿಗಳನ್ನು ಬಾಳೆಹಣ್ಣಿನಿಂದ ಕೀಳುತ್ತಿದ್ದಳು.

"ಅಷ್ಟು ದೂರದಿಂದ ಬಂದವ್ರೆ," ಎಂದಳು ತಲೆ ಎತ್ತದೆ. "ನೋಡ್ಲಿ. ನೋಡಿ ಆದ್ಮೇಲೆ ವಾಪಸ್ ಅಲ್ಲೇ ಇಡಿ. ನಮ್ಮನೇಲಿ ಅದಿರೋದು ಬ್ಯಾಡ."

ಅವಳೇ ಬಂದು ಗಂಡನ ತಲೆಯನ್ನು ಒಂದು ಕೈಯಿಂದ ಎತ್ತಿ, ಇನ್ನೊಂದು ಕೈಯಿಂದ ಕ್ಯಾಸೆಟ್ ಎಳೆದುಕೊಂಡಳು. ತಲೆಯನ್ನು ಕೆಳಗಿಡುವಾಗ ಮಾತ್ರ ಎರಡೂ ಕೈ ಬಳಸಿದಳು.

*

ಡಿಶ್ ಬಂದು, ಮೊಬೈಲ್ ಬಂದು ಅಂಗಡಿಯ ಕೆಲಸ ನಿಂತಿತು. ಧರ್ಮ ಎರಡು ಎಕರೆ ಕಾಫಿ, ಒಂದಿಷ್ಟು ಗದ್ದೆ ನೋಡಿಕೊಂಡು ಇದ್ದ. ಅಂಗಡಿಯ ಬಾಗಿಲನ್ನು ಮಾತ್ರ ಆಗಾಗ ಎತ್ತುತ್ತಿದ್ದ. ಕ್ಯಾಸೆಟ್ಟನ್ನು ತಗಡಿನ ಡಬ್ಬಿಯಲ್ಲಿ, ತಂಡಿ ಹೀರಲೆಂದು ಹುರಿದ ಅಕ್ಕಿಯ ಗಂಟಿನ ಜೊತೆ ಇಟ್ಟಿದ್ದ. ತಿಂಗಳಿಗೊಮ್ಮೆ ತೆಗೆದು, ಟೇಪು ಒಂದಕ್ಕೊಂದು ಅಂಟದಂತೆ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದ. ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಕೂತು ಪೂರ್ತಿ ನೋಡುತ್ತಿದ್ದ.

ಅಂಥ ಮಧ್ಯಾಹ್ನಗಳಲ್ಲಿ ಲಕ್ಷ್ಮಿ ಟೀ ತಂದು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದಳು.

"ಒಂದ್ಸಲ ಕೂತ್ಕಂಡು ನೋಡೆ," ಎನ್ನುತ್ತಿದ್ದ. "ಒಂದೇ ಸಲ."

"ಹಸ ಬಿಚ್ಬೇಕು," ಎನ್ನುತ್ತಿದ್ದಳು. ಅಥವಾ ಕಣದಲ್ಲಿ ಮೆಣಸು ಇದೆ ಎನ್ನುತ್ತಿದ್ದಳು. ಲೋಟ ಖಾಲಿಯಾಗುವವರೆಗೆ ನಿಂತಿದ್ದು, ಪರದೆಯ ಕಡೆ ಕಣ್ಣು ಹೋದರೆ ರಸ್ತೆಯ ಕಡೆ ತಿರುಗಿಸಿಕೊಂಡು, ಲೋಟ ತೆಗೆದುಕೊಂಡು ಹೋಗುತ್ತಿದ್ದಳು. ಅವನು ಮುಂದಿನ ಸಲವೂ ಕೇಳುತ್ತಿದ್ದ. ಅವರ ಜಗಳ ಇಷ್ಟೇ. ಇದೊಂದು ಬಿಟ್ಟರೆ ಅವರು ಚೆನ್ನಾಗಿಯೇ ಬಾಳಿದರು.

ಸೌಜನ್ಯ ಕೊಡಿಸಿದ ಫೋನಿನಲ್ಲಿ ಧರ್ಮ ಹೇಗೋ ಹಳೇ ಸಿನಿಮಾ ಸಂಗ್ರಹಿಸುವವರ ಗುಂಪೊಂದನ್ನು ಹಿಡಿದ. ಅಲ್ಲಿ ಯಾರೋ ದೋಣಿಯ ಹೆಂಗಸಿನ ಒಂದು ಚಿತ್ರ ಹಾಕಿದ್ದರು. ಅದರ ಕೆಳಗೆ, "ಇದು ನಮ್ಮ ಹತ್ರ ಇದೆ" ಎಂದು ಕನ್ನಡದಲ್ಲಿ ಬರೆದ. ಅದನ್ನು ಓದಬಲ್ಲವನು ಆ ಗುಂಪಿನಲ್ಲಿ ಪ್ರದೀಪ್ ಒಬ್ಬನೇ ಇದ್ದ.

"ಕೊನೇಲಿ ಚಳಿಗಾಲದ ಭಾಗ ಇದೆಯಾ?" ಎಂದು ಅವನು ಫೋನಿನಲ್ಲಿ ಕೇಳಿದ. "ನದಿ ಹೆಪ್ಪುಗಟ್ಟೋದು?"

"ಐತಲ್ಲ ಸಾರ್. ಅದಿಲ್ದೆ ಪಿಚ್ಚರ್ ಹೆಂಗ್ ಮುಗೀತದೆ?"

ಪ್ರದೀಪ್, ಅದರಲ್ಲಿ ಏನಾಗುತ್ತದೆ ಎಂದು ಕೇಳಿದ.

"ಹೇಳಿದ್ರೆ ಏನೂ ಇಲ್ಲ ಅನ್ಸುತ್ತೆ ನಿಮ್ಗೆ. ಬನ್ನಿ, ನೋಡಿ," ಎಂದ ಧರ್ಮ. "ನಂಗೆ ಆ ಭಾಷೆ ಬರಲ್ಲ ಸಾರ್. ಕೆಳಗೆ ಬರೋ ಇಂಗ್ಲಿಷೂ ಓದೋಷ್ಟರಲ್ಲಿ ಹೋಗ್ಬುಡ್ತದೆ. ಆದ್ರೆ ಆಯಮ್ಮ ಹಗ್ಗ ಎಳೆಯೋದು ಐತಲ್ಲ, ಅದ್ನ ನೋಡ್ತಾ ಕೂತ್ರೆ ತಲೇಲಿ ಓಡಾಡೋದೆಲ್ಲ ಒಂದ್ಕಡೆ ಕೂತ್ಕತದೆ. ಯಾರ ಹತ್ರಾನಾದ್ರೂ ಹೇಳ್ಕಬೇಕು ಅನ್ಸುತ್ತೆ. ಹೇಳಕ್ಕೋದ್ರೆ ಏನ್ ಹೇಳೋದು? ಪಕ್ಕದಲ್ಲಿ ಕೂತು ನೋಡೋರು ಬೇಕು."

ಫೋನಿನಲ್ಲೇ ಚಿತ್ರ ಹಿಡಿದು ಕಳಿಸಬಹುದಲ್ಲ ಎಂದು ಸೌಜನ್ಯ ಹೇಳಿದ್ದಳು. ಅದಕ್ಕೆ ಅವನು ಒಪ್ಪಿರಲಿಲ್ಲ. ಸಾಯುವ ಹಿಂದಿನ ಸಂಜೆ ಅಂಗಡಿಯ ಕಸ ಗುಡಿಸಿ, ಗಿಡ್ಡಯ್ಯನ ಹಳೇ ಜೀಪಿನ ಹಿಂದಿನ ಸೀಟನ್ನು ತಂದು ಟಿವಿಯ ಮುಂದೆ ಹಾಕಿ ಹೋಗಿದ್ದ.

*

ಗಿಡ್ಡಯ್ಯ ಯಂತ್ರದ ಗುಂಡಿ ಒತ್ತಿದ. ಕ್ಯಾಸೆಟ್ ಒಳಗೆ ಇಳಿದು ಗರಗರ ತಿರುಗಿತು. ಪರದೆಯ ತುಂಬ ಗೀಚು ಮೂಡಿ, ನಡುಗಿ, ನಿಧಾನವಾಗಿ ಮಂಜಾಯಿತು.

ಪ್ರದೀಪ್ ಜೀಪಿನ ಸೀಟಿನ ತುದಿಯಲ್ಲಿ ಕೂತಿದ್ದ. ಅವನ ಪಕ್ಕ ಸೌಜನ್ಯ. ಬಾಗಿಲಲ್ಲಿ ಏಳೆಂಟು ಜನ ಗುಂಪಾದರು. ಗಂಟೆಯ ಸದ್ದಿಗೆ ಹೊರಗಿದ್ದ ತಮಟೆಯವನೂ ಎದ್ದು ಬಂದ.

"ಇದೇನಾ?" ಎಂದ ಒಬ್ಬ. "ನಮ್ ಲೈನಿಗೆ ಒಂದು ಭಾನುವಾರ ಇದ್ನೇ ತಂದು ಹಾಕ್ಬುಟ್ಟಿದ್ದ ಧರ್ಮಣ್ಣ. ಫೈಟಿಂಗ್ ಯಾವಾಗ ಅಂತ ಕಾಯ್ತಾ ಕೂತಿದ್ವಿ ನಾವು."

"ಮುಗಿಯೋಗಂಟ ಬರ್ಲಿಲ್ಲ," ಎಂದ ಗಿಡ್ಡಯ್ಯ. "ವಾಪಸ್ ಬರ್ತಾ ಜೀಪಲ್ಲಿ ನಂಗೇಳ್ತಾನೆ, ಮೂರು ಜನ ಏಳ್ಲೇ ಇಲ್ಲ ಕಣೋ ಗಿಡ್ಡ ಅಂತ. ಆ ಮೂರೂ ಜನ ನಿದ್ದೆ ಮಾಡ್ತಿದ್ರು. ನಾನು ಹೇಳಕ್ಕೋಗ್ಲಿಲ್ಲ."

ಜನ ನಕ್ಕರು. ಆಮೇಲೆ ಹೆಣ ಹೊರಗಿರುವುದು ನೆನಪಾಗಿ ಸುಮ್ಮನಾದರು.

ಪರದೆಯ ಮೇಲೆ ಹೆಂಗಸು ಆಲೂಗಡ್ಡೆ ಸುಲಿಯುತ್ತಿದ್ದಳು. ಸಿಪ್ಪೆ ಉದ್ದಕ್ಕೆ, ತುಂಡಾಗದೆ ಇಳಿಯುತ್ತಿತ್ತು. ಗಂಟೆ ಮೊಳಗಿತು. ಅವಳು ಚಾಕು ಇಟ್ಟು, ಕೈ ಒರೆಸಿಕೊಂಡು ದೋಣಿಗೆ ಹೋದಳು. ಒಬ್ಬ ಮುದುಕನನ್ನು ದಾಟಿಸಿ ಬಂದಳು. ಮತ್ತೆ ಚಾಕು ತೆಗೆದುಕೊಂಡಳು. ಗಂಟೆ ಮೊಳಗಿತು.

"ಅಯ್ಯೋ, ಇವಳನ್ನ ಉಣ್ಣಕ್ಕೂ ಬಿಡಲ್ವಲ್ಲ," ಎಂದಳು ಬಾಗಿಲಲ್ಲಿದ್ದ ಸುಲೋಚನಮ್ಮ.

ಅವಳ ಹಿಂದೆ ಲಕ್ಷ್ಮಿ ನಿಂತಿದ್ದಳು. ಹೆಣದ ಹತ್ತಿರ ಹೋದಳು, ಬಂದಳು. ಮಡಕೆಯಲ್ಲಿ ಕೆಂಡ ಇದೆಯೇ ಎಂದು ಪ್ರವೀಣನನ್ನು ಕೇಳಿದಳು, ಬಂದಳು. ಪ್ರತಿ ಸಲವೂ ಬಾಗಿಲಿಗೆ ಬಂದು ಇಣುಕುತ್ತಿದ್ದಳು. ಯಾವಾಗಲೋ ಒಂದು ಸಲ ಯಾರೋ ಜಾಗ ಬಿಟ್ಟರು. ಅವಳ ಕಾಲು ಹೊಸ್ತಿಲ ಒಳಗೆ ಬಂದಿತ್ತು.

"ಆ ಗಂಡಸು ಯಾಕೆ ದಿನಾ ಬಂದು ವಾಪಸ್ ಹೋಗ್ತಾನೆ?" ಎಂದು ಮಗಳನ್ನು ಕೇಳಿದಳು.

"ಗೊತ್ತಿಲ್ಲ ಕಣವ್ವ. ಹೇಳಲ್ಲ ಅದ್ರಲ್ಲಿ."

"ಅವಳಿಗೆ ಗೊತ್ತೈತೆ," ಎಂದಳು ಲಕ್ಷ್ಮಿ. "ನೋಡು, ಅವನು ಬಂದಾಗ ಹಗ್ಗ ಹಿಡಿಯೋ ಕೈ ಬ್ಯಾರೆ ಆಯ್ತದೆ."

ಪ್ರದೀಪ್ ತಿರುಗಿ ಅವಳನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ. ಪರದೆಯಲ್ಲಿ ಹಿಮ ಬೀಳತೊಡಗಿತು. ಅವನು ಕಂಡಿದ್ದ ಡಿಸ್ಕು ಇಲ್ಲಿಗೆ ಮುಗಿಯುತ್ತಿತ್ತು.

"ಹೋದ್ವಂತೆ!" ಹೊರಗಿನಿಂದ ಪ್ರವೀಣನ ಕೂಗು. "ರಸ್ತೆ ದಾಟಿ ಆ ಕಡೆ ತೋಟಕ್ಕೆ ಹೋದ್ವಂತೆ. ಎತ್ರಿ, ಬೇಗ ಎತ್ರಿ. ಕತ್ತಲಾದ್ರೆ ತಿರುಗಿ ಬರ್ತವೆ ಅಂತಾವ್ರೆ ಫಾರೆಸ್ಟ್‌ನೋರು."

ಬಾಗಿಲಲ್ಲಿದ್ದವರು ಒಟ್ಟಿಗೆ ಹೊರಗೆ ಸರಿದರು. ತಮಟೆಯವನು ಓಡಿದ. ಗಿಡ್ಡಯ್ಯ ಯಂತ್ರದ ಹತ್ತಿರ ಹೋಗಿ, ಗುಂಡಿಯ ಮೇಲೆ ಬೆರಳಿಟ್ಟು ಲಕ್ಷ್ಮಿಯ ಕಡೆ ನೋಡಿದ. "ತೆಗೀಲಾ ಅಕ್ಕ? ವಾಪಸ್ ಇಡ್ಬೇಕು ಅಂದಿದ್ರಲ್ಲ."

ಪ್ರದೀಪ್ ಬೇಡವೆನ್ನಲು ತನಗೇನು ಹಕ್ಕು ಎಂಬಂತೆ ನೆಲ ನೋಡುತ್ತಿದ್ದ.

ಲಕ್ಷ್ಮಿಯ ಕಣ್ಣು ಪರದೆ ಬಿಟ್ಟು ಕದಲಿರಲಿಲ್ಲ. "ತಡಿ," ಎಂದಳು.

"ಹೊತ್ತಾಯ್ತದೆ ಅಕ್ಕ."

"ನೀವು ಹೊತ್ಕಂಡು ಹೊರಡ್ರಿ. ಇದು ಮುಗೀಲಿ."

"ಅಂದ್ರೆ, ಜೊತೇಲಿ ಇಡೋದು ಬ್ಯಾಡ್ವಾ?"

ಅವಳು ಜೀಪಿನ ಸೀಟಿನ ಕಡೆ ಹೆಜ್ಜೆ ಹಾಕಿದಳು. ಗಿಡ್ಡಯ್ಯ ಬೆರಳು ತೆಗೆದ.

ಹೊರಗೆ ಇನ್ನೊಂದು ತೊಂದರೆ ಕಾದಿತ್ತು. ಹೊತ್ತಿದ್ದ ನಾಲ್ವರಲ್ಲಿ ಒಬ್ಬ, ಆನೆಯಿಂದಾಗಿ ದಾರಿಯಲ್ಲೇ ನಿಂತ ಶಾಲೆಯ ವ್ಯಾನಿನಿಂದ ಮಕ್ಕಳನ್ನು ಕರೆತರಲು ಹೋಗಿದ್ದ. ಉಳಿದಿದ್ದವರು ಮುದುಕರು, ಇಲ್ಲವೇ ಹೆಂಗಸರು.

"ಒಂದು ಹೆಗಲು ಕಮ್ಮಿ ಆಯ್ತು," ಎಂದ ಪ್ರವೀಣ್. ಅವನ ಕೈಯಲ್ಲಿ ಮಡಕೆ ಇತ್ತು.

ಗಿಡ್ಡಯ್ಯ ಅಂಗಡಿಯೊಳಗೆ ತಲೆ ಹಾಕಿದ. "ಸಾರ್, ಬರ್ತೀರಾ?"

"ಹೊರಗಿನೋರು ಹೊರಬೌದೇನೋ?" ಎಂದಳು ಸುಲೋಚನಮ್ಮ.

"ಹೆಗಲಿಗೆ ಯಾವ ಊರವ್ವ," ಎಂದ ಗಿಡ್ಡಯ್ಯ.

ಪ್ರದೀಪ್ ಪರದೆಯನ್ನು ನೋಡಿದ. ನದಿಯ ಅಂಚಿನಲ್ಲಿ ನೀರು ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಹೆಂಗಸು ದಡದಲ್ಲಿ ನಿಂತು ಒಂದು ಕಾಲನ್ನು ಮುಂದಿಟ್ಟು, ತಾಳುತ್ತದೆಯೇ ಎಂದು ಒತ್ತಿ ನೋಡುತ್ತಿದ್ದಳು. ಅವನು ಎದ್ದ. ಬೂಟು ಕಳಚಿ, ಸಾಕ್ಸ್ ಕಳಚಿ, ಸೀಟಿನ ಕೆಳಗೆ ತಳ್ಳಿದ. ಹೊರಗೆ ಹೋಗಿ ಎಡಗಡೆಯ ಹಿಂದಿನ ಬಿದಿರಿಗೆ ಹೆಗಲು ಕೊಟ್ಟ. ತಮಟೆ ಶುರುವಾಯಿತು. ರಸ್ತೆಯ ತಿರುವಿನವರೆಗೂ ಅವನು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ಕಲ್ಲಿಗೆ ಕಾಲು ಹೊಂದಿಸಿಕೊಳ್ಳುವುದೇ ಅವನಿಗೆ ಸಾಕಾಗಿತ್ತು.

ಹೆಂಗಸರು ಮನೆಯ ಕಡೆ ಹೊರಟರು. "ಏಳೆ, ಮೀಯ್ಬೇಕು," ಎಂದು ಸುಲೋಚನಮ್ಮ ಲಕ್ಷ್ಮಿಯ ತೋಳು ಹಿಡಿದಳು. ಅವಳು ಏಳಲಿಲ್ಲ. ಜೀಪಿನ ಸೀಟಿನಲ್ಲಿ, ಗಂಡ ಹಾಕಿಟ್ಟು ಹೋಗಿದ್ದ ಜಾಗದಲ್ಲಿ ಆಗಲೇ ಕೂತಿದ್ದಳು.

"ನೀವು ಹೋಗಿರಿ ಅತ್ತೆ," ಎಂದಳು ಸೌಜನ್ಯ. "ನಾನು ಕರ್ಕಂಡ್ ಬರ್ತೀನಿ."

*

ಹಳ್ಳದಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಗಂಡಸರು ವಾಪಸ್ಸು ಬರುವಾಗ ಬಿಸಿಲು ಬೆಟ್ಟದ ನೆತ್ತಿಯಲ್ಲಿ ಮಾತ್ರ ಉಳಿದಿತ್ತು. ಪ್ರದೀಪ್ ಗಿಡ್ಡಯ್ಯ ಕೊಟ್ಟ ಪಂಚೆ ಉಟ್ಟಿದ್ದ. ಬಲಗಾಲಿನ ಹೆಬ್ಬೆರಳು ಒಡೆದಿತ್ತು. ಬೂಟು ತೆಗೆದುಕೊಳ್ಳಲು ಅಂಗಡಿಯ ಬಾಗಿಲಿಗೆ ಬಂದವನು ಅಲ್ಲೇ ನಿಂತ.

ಲಕ್ಷ್ಮಿ ಅಲ್ಲೇ ಕೂತಿದ್ದಳು. ಸೌಜನ್ಯ ಗೋಡೆಗೆ ಒರಗಿ ಮೊಣಕಾಲಿನ ಮೇಲೆ ತಲೆಯಿಟ್ಟಿದ್ದಳು. ಪರದೆ ಖಾಲಿ ನೀಲಿಯಾಗಿತ್ತು.

"ಚೆನ್ನಾಗಿ ಹತ್ತಿಕಂಡ್ತಾ ಬೆಂಕಿ?" ಎಂದು ಕೇಳಿದಳು ಲಕ್ಷ್ಮಿ.

"ಹತ್ಕೊಳ್ತಮ್ಮ. ಸೌದೆ ಒಣಗಿತ್ತು."

ಅವಳು ತಲೆಯಾಡಿಸಿದಳು. ಹೊರಗೆ ಪ್ರವೀಣ್ ಯಾರಿಗೋ ಟಾರ್ಚು ತರಲು ಹೇಳುತ್ತಿದ್ದ. ಪ್ರದೀಪ್ ಹೊಸ್ತಿಲ ಹೊರಗೇ ನಿಂತು, ಪಂಚೆಯ ಒದ್ದೆ ಅಂಚು ಹಿಂಡಿದ. ಅವಳೇ ಶುರುಮಾಡಿದಳು.

"ನದಿ ಎಲ್ಲ ಕಲ್ಲಾಗ್ಬುಡ್ತು. ಜನ ಎಲ್ಲ ನಡ್ಕಂಡೇ ದಾಟಕ್ಕೆ ಹತ್ತಿದ್ರು. ದೋಣಿ ಯಾರಿಗೂ ಬ್ಯಾಡ. ಆಯಮ್ಮ ಒಂದಿನ ಮನೆ ಬಾಗ್ಲು ಹಾಕ್ಕಂಡು, ಸೆರಗಲ್ಲಿ ಏನೋ ಕಟ್ಕಂಡು ಹೊರಟ್ಲು. ಆ ದಡಕ್ಕೆ ಹೋಯ್ತಾಳೆ, ಅವನ್ನ ಹುಡುಕ್ಕಂಡು ಹೋಯ್ತಾಳೆ ಅಂದ್ಕಂಡೆ ನಾನು. ಹೋಗ್ಲಿಲ್ಲ. ನದಿ ನಡೂ ಮಧ್ಯಕ್ಕೆ ಹೋಗಿ ಕೂತ್ಕಂಡ್ಲು." ಅವಳು ಎರಡೂ ಕೈಗಳನ್ನು ಮಡಿಲಿಗೆ ತಂದಳು. "ಅಲ್ಲೀಗಂಟ ಆಯಮ್ಮ ಕೂತಿದ್ದು ನೋಡ್ಲೇ ಇಲ್ಲ ನಾನು. ಆಲೂಗಡ್ಡೆ ಸುಲಿಯೋದೂ ನಿಂತ್ಕಂಡೇ. ಕೂತು, ರೊಟ್ಟಿ ಬಿಚ್ಕಂಡು, ಮುರ್ಕಂಡು ಮುರ್ಕಂಡು ತಿಂದ್ಲು."

"ಆಮೇಲೆ?"

"ಅಷ್ಟೇ. ಪೂರ್ತಿ ತಿಂದ್ಲು. ಯಾರೂ ಕರೀಲಿಲ್ಲ."

ಪ್ರದೀಪ್ ತನಗೆ ಗೊತ್ತಿಲ್ಲದೆಯೇ ಹೊಸ್ತಿಲ ಮೇಲೆ ಕೂತ. ಕೂದಲಿನಿಂದ ನೀರು ಇಳಿದು ಬೆನ್ನು ತೊಯ್ಯುತ್ತಿತ್ತು.

"ಇದ್ನ ಏನ್ ಮಾಡ್ತೀಯವ್ವ ಈಗ?" ಎಂದಳು ಸೌಜನ್ಯ ತಲೆ ಎತ್ತಿ.

"ನಿಮ್ಮಪ್ಪ ಹೆಂಗೆ ಇಟ್ಟಿದ್ರು ಅಂತ ಗಿಡ್ಡಂಗೆ ಗೊತ್ತೈತೆ. ಕೇಳ್ಕಂಡು ಹಂಗೇ ಇಡು. ಈ ಸಾರ್ ಬಂದಾಗ ತಗುದ್ಕೊಡು, ನೋಡ್ಲಿ." ಅವಳು ಪ್ರದೀಪನ ಕಡೆ ತಿರುಗಿದಳು. "ನಿಮ್ಗೆ ಕೊನೇದು ನೋಡಕ್ಕೆ ಸಿಗ್ದಂಗಾಯ್ತಲ್ಲಪ್ಪ. ಅದೊಂದ್ ಚೂರು ಹಿಂದಕ್ಕೆ ತಿರುಗ್ಸೋದು ಬತ್ತದಾ ನಿಮ್ಗೆ?"

ಬರುತ್ತದೆ ಎಂದು ಅವನು ಒಳಗೆ ಬಂದು ಯಂತ್ರದ ಮುಂದೆ ಮಂಡಿಯೂರಿದ. ಚಿತ್ರ ಕಾಣುತ್ತಿರುವಂತೆಯೇ ಟೇಪನ್ನು ಹಿಂದಕ್ಕೆ ಬಿಟ್ಟ. ನೀಲಿ ಹೋಗಿ ಬಿಳುಪು ಬಂತು. ಅಡ್ಡ ಗೆರೆಗಳು ಮೇಲಿನಿಂದ ಕೆಳಕ್ಕೆ ಸರಿದವು. ಹಿಮ ನೆಲದಿಂದ ಎದ್ದು ಆಕಾಶಕ್ಕೆ ಹೋಗುತ್ತಿತ್ತು. ನದಿಯ ನಡುವೆ ಕೂತ ಹೆಂಗಸು ಬರಿಗೈಯನ್ನು ಬಾಯಿಗೆ ಒಯ್ದಳು. ಕೈ ಕೆಳಗೆ ಬಂದಾಗ ಅದರಲ್ಲಿ ಒಂದು ತುಂಡು ಇತ್ತು. ಅದನ್ನು ಮಡಿಲಿಗಿಟ್ಟಳು. ಇನ್ನೊಂದು ತುಂಡು ಬಂತು, ಮೊದಲಿನದಕ್ಕೆ ಅಂಟಿಕೊಂಡಿತು. ಲಕ್ಷ್ಮಿ ಸೀಟಿನಲ್ಲಿ ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಅವಳ ಕಣ್ಣೆದುರು ರೊಟ್ಟಿ ಚೂರು ಚೂರಾಗಿ ಕೂಡಿಕೊಳ್ಳುತ್ತ ದುಂಡಗೆ ಇಡಿಯಾಗುತ್ತಿತ್ತು.